‘ಬಂದೆ’ ಅಂತ ಹೇಳಬೇಡಿ

ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಕೊನೆಗೆ ನನ್ನಿಂದ ಒಂದೇ ಒಂದು ವಸ್ತುವನ್ನು ವಾಪಸು ಇಸಿದುಕೊಂಡರು. ಅದು ಫೋನಿನ ಸಿಮ್ ಕಾರ್ಡು. ವಿದ್ಯುತ್ ಇಲಾಖೆಯ ನಂಬರ್ ಅದು, ಮನುಷ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ. ಈಗ ಅದು ನನ್ನ ಜಾಗಕ್ಕೆ ಬಂದ ಹೊಸ ಪವರ್‌ಮ್ಯಾನನ ಜೇಬಿನಲ್ಲಿದೆ. ತಿಂಗಳು ತುಂಬುವುದರೊಳಗೆ ಆತ ಸಿಂಧನೂರಿನ ನಮ್ಮ ಮನೆ ಹುಡುಕಿಕೊಂಡು ಬಂದ. ಕಣ್ಣು ಒಳಗೆ ಹೋಗಿದ್ದವು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಆ ಫೋನು ನಿಂತು ನಿಂತು ಬಡಿದುಕೊಳ್ಳುತ್ತಲೇ ಇತ್ತು.

“ಸರ್, ಇಷ್ಟು ವರ್ಷ ಇದನ್ನ ಹೆಂಗ ತಡಕೊಂಡ್ರಿ?” ಅಂತ ಕೇಳಿದ. “ಹತ್ತೂರು ಒಮ್ಮೆಲೇ ಕರೀತಾವ್ರಿ. ಎಲ್ಲಿಗೆ ಮೊದಲು ಹೋಗಬೇಕು ಗೊತ್ತಾಗವಲ್ದು. ಒಮ್ಮೊಮ್ಮೆ ಗಾಡಿ ನಿಲ್ಲಿಸಿ ಹೊಲದಾಗ ಕುಂತು ಅತ್ತು ಬಿಡಬೇಕು ಅನಸ್ತೈತ್ರಿ.”

ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ. ಆತ ಹೋದ ಮೇಲೆ, ನಾನು ಹೇಳಿದ್ದು ಏನೂ ಅಲ್ಲ ಅನಿಸಿತು. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದು ಇದರಲ್ಲಿ ಇಲ್ಲ. ಕಂಬದಿಂದ ಹೇಗೆ ಇಳಿದು ಬಂದೆ, ಯಾರು ಇಳಿದು ಬರಲಿಲ್ಲ ಎಂಬುದಷ್ಟೇ ಇದೆ. ಓದುವವರಿಗೆ ಸಂತೋಷವಾಗುವ ಸಂಗತಿ ಕಡಿಮೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನನ್ನ ಹೆಸರು ಮರಿಯಪ್ಪ. ಊರು ಮಸ್ಕಿ. ನಮ್ಮ ಮನೆತನದಲ್ಲಿ ಸರಕಾರಿ ಸಂಬಳ ಕಂಡ ಮೊದಲಿಗ ನಾನು. ಅದಕ್ಕೇ ಇರಬೇಕು, ಆರಂಭದಲ್ಲಿ ಯಾರು ಏನು ಹೇಳಿದರೂ ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಮೊದಲು ಹಾಕಿದ್ದು ಲಿಂಗಸುಗೂರು ತಾಲೂಕಿನ ಗುರುಗುಂಟಾ ಕಡೆ. ಖುಷ್ಕಿ ಭೂಮಿ, ದೂರ ದೂರದ ಊರುಗಳು, ಪಂಪ್‌ಸೆಟ್ಟು ಕಡಿಮೆ. ಕರೆಂಟ್ ಹೋದರೆ ಯಾರಾದರೂ ಸೈಕಲ್ ಮೇಲೆ ಬಂದು ಹೇಳಬೇಕು. ಬಂದವನು ನಮ್ಮ ಜೊತೆ ಕೂತು ಬೀಡಿ ಸೇದಿ, ಮಳೆ ಬೆಳೆ ಮಾತಾಡಿ, ಆಮೇಲೆ “ಅಂದಂಗ ನಮ್ಮೂರಾಗ ಕರೆಂಟ್ ಇಲ್ರಿ” ಅನ್ನುತ್ತಿದ್ದ.

ಅಲ್ಲಿ ನನಗೆ ಕೆಲಸ ಕಲಿಸಿದವರು ಖಾಜಾಸಾಬ ಮೇಸ್ತ್ರಿ. ತೆಳ್ಳಗಿನ ಮನುಷ್ಯ, ಸದಾ ಹೆಗಲ ಮೇಲೆ ಕೆಂಪು ಟವೆಲ್. ಅವರಷ್ಟು ಸಾವಕಾಶದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಕಂಬದ ಬುಡಕ್ಕೆ ಹೋದ ಕೂಡಲೇ ಏರುತ್ತಿರಲಿಲ್ಲ, ಕೂರುತ್ತಿದ್ದರು. ನೀರು ಕುಡಿಯುತ್ತಿದ್ದರು. ಮಾಡಬೇಕಾದ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು: ಲೈನ್ ಬಂದ್ ಮಾಡಿಸೀನಿ, ನೆಲಕ್ಕ ಸರಪಳಿ ಹಾಕೀನಿ, ಎಡಗಡೆ ತಂತಿ ಕಟ್ತೀನಿ, ಇಳೀತೀನಿ. ನಾವು ಹಿಂದೆ ನಿಂತು ನಗುತ್ತಿದ್ದೆವು.

ಒಮ್ಮೆ ಒಂದು ಊರಿನ ಗೌಡರ ಮನೆಯಲ್ಲಿ ಮದುವೆ. ಕರೆಂಟ್ ಹೋಗಿ ಗೌಡರು ಜೀಪಿನಲ್ಲಿ ನಾವಿದ್ದಲ್ಲಿಗೇ ಬಂದು ಬಾಯಿಗೆ ಬಂದಂತೆ ಬೈದರು. ಖಾಜಾಸಾಬರು ಎದ್ದು ನಿಂತು ಕೇಳಿಸಿಕೊಂಡರು, ಮತ್ತೆ ಕೂತರು.

“ಮದುವಿ ಮನಿ ಐತಿ, ಬೀಗರು ಕತ್ತಲದಾಗ ಕುಂತಾರ. ನೀ ಇಲ್ಲಿ ನೀರು ಕುಡಕೋಂತ ಕುಂತೀ?” ಅಂದರು ಗೌಡರು.

“ಗೌಡ್ರ, ನೀವು ಬೈದದ್ದಕ್ಕ ನನ್ನ ಕೈ ನಡಗಾಕತ್ತಾವ್ರಿ,” ಅಂತ ಖಾಜಾಸಾಬರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. “ಇವು ನಿಂತ ಮ್ಯಾಲ ಏರ್ತೀನಿ. ಇನ್ನೂ ಬೈಯೂದಿತ್ತಂದ್ರ ಈಗಲೇ ಬೈದು ಮುಗಸ್ರಿ.”

ಗೌಡರು ಆ ಕೈ ನೋಡಿದರು. ಜೀಪಿನ ನೆರಳಿಗೆ ಹೋಗಿ ನಿಂತರು. ಕೈ ನಿಂತ ಮೇಲೆ ಮೇಸ್ತ್ರಿ ಏರಿದರು, ಕರೆಂಟ್ ಬಂತು, ಮದುವೆಯೂ ಆಯಿತು.

ಇನ್ನೊಂದು ರೂಢಿ ಅವರದು. ಲೈನ್ ಬಂದ್ ಮಾಡುವ ಕಂಬದ ಸ್ವಿಚ್ಚಿನ ಹಿಡಿಕೆಗೆ ತಮ್ಮ ಟವೆಲ್ ಕಟ್ಟುತ್ತಿದ್ದರು. ಕಟ್ಟಿದವನೇ ಬಿಚ್ಚಬೇಕು. ತಲೆ ಮೇಲೆ ತಲೆ ಬಿದ್ದರೂ ಇನ್ನೊಬ್ಬರು ಅದನ್ನು ಮುಟ್ಟುವ ಹಾಗಿಲ್ಲ. ಇಬ್ಬರು ಏರಿದರೆ ಎರಡು ಟವೆಲ್. “ನಿನ್ನ ಜೀವದ ಬೀಗ ಇನ್ನೊಬ್ಬನ ಕೈಯಾಗ ಕೊಡಬ್ಯಾಡಲೇ ಮರಿಯಾ,” ಅನ್ನುತ್ತಿದ್ದರು. ಆಗ ನನಗೆ ಇದೆಲ್ಲ ಮುದುಕರ ಚಾಳಿ ಅನಿಸಿತ್ತು.

ಅಲ್ಲಿಂದ ಸಿಂಧನೂರಿನ ಕಾಲುವೆ ಕಡೆಯ ಒಂದು ಶಾಖೆಗೆ ಬಂದೆ. ಶಾಖೆಯ ಹೆಸರು ಬೇಡ, ಅಲ್ಲಿ ಕೆಲಸ ಮಾಡಿದವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ತುರ್ವಿಹಾಳ, ಗೊರೇಬಾಳ ಕಡೆ ಓಡಾಡಿದವರಿಗೆ ಗೊತ್ತು, ಕಣ್ಣು ಹಾಯುವಷ್ಟು ದೂರ ಭತ್ತ. ಕಾಲುವೆಯ ಕೊನೆಯವರಿಗೆ ನೀರು ಮುಟ್ಟುವುದು ಮೋಟಾರಿನಿಂದಲೇ. ನಾಟಿ ಮಾಡಿದ ಮೇಲೆ ಗದ್ದೆ ಒಣಗುವ ಹಾಗಿಲ್ಲ. ಹಾಗಾಗಿ ಕರೆಂಟ್ ಹೋಯಿತೆಂದರೆ ಎಲ್ಲರದೂ ಒಮ್ಮೆಲೇ ಹೋಗುತ್ತದೆ, ಎಲ್ಲರೂ ಒಮ್ಮೆಲೇ ಕರೆಯುತ್ತಾರೆ. ನಾನು ಹೋದ ಕಾಲಕ್ಕೆ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಕೆಲಸ ಹೆಚ್ಚಾಯಿತೋ ಇಲ್ಲವೋ, ಕೆಲಸದ ಸದ್ದು ಮಾತ್ರ ವಿಪರೀತವಾಯಿತು.

ಒಂದೇ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಆ ಊರಿನ ಮೂವತ್ತು ಮಂದಿ ಬೇರೆ ಬೇರೆಯಾಗಿ ಫೋನ್ ಮಾಡುತ್ತಾರೆ. ಪಕ್ಕದ ಗದ್ದೆಯವನು ಆಗಲೇ ಹೇಳಿದ್ದಾನೆ ಅಂದರೂ ನಂಬುವುದಿಲ್ಲ. ಎತ್ತದಿದ್ದರೆ ಸಾಹೇಬರಿಗೆ ದೂರು, ಎತ್ತಿದರೆ ಕೆಲಸ ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ಫೋನು ಮನೆಯಲ್ಲಿ ಬಿಟ್ಟು ಬಂದ ದಿನವೂ ಜೇಬಿನಲ್ಲಿ ಅದು ಅದುರಿದ ಹಾಗಾಗಿ ಕೈ ಹಾಕಿ ನೋಡಿಕೊಂಡಿದ್ದೇನೆ. ಊಟಕ್ಕೆ ಕೂತಾಗ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರೊಟ್ಟಿ. ರುಚಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಇದರಿಂದ ತಪ್ಪಿಸಿಕೊಳ್ಳಲು ನಾವೆಲ್ಲ ಒಂದು ಮಾತು ಕಲಿತೆವು: “ಬಂದೆ.” ಎಲ್ಲಿದ್ದೀರಿ ಅಂದರೆ ‘ಬಂದೆ’. ಯಾವಾಗ ಬರುತ್ತೀರಿ ಅಂದರೆ ‘ಬಂದೇಬಿಟ್ಟೆ’. ಹಾಗೆ ಅಂದರೆ ಫೋನು ಸುಮ್ಮನಾಗುತ್ತದೆ. ಆದರೆ ಆ ಕಡೆ ಒಬ್ಬ ಮನುಷ್ಯ ದಾರಿ ನೋಡುತ್ತ ಕೂರುತ್ತಾನೆ. ಐದು ಊರಿಗೆ ‘ಬಂದೆ’ ಅಂದರೆ ಐದು ಕಡೆಯಿಂದ ನಿಮ್ಮನ್ನು ಹಗ್ಗ ಹಾಕಿ ಎಳೆಯುತ್ತಾರೆ. ಆಮೇಲೆ ಎಲ್ಲಿ ನಿಂತರೂ ಮನಸ್ಸು ಅಲ್ಲಿರುವುದಿಲ್ಲ, ಇನ್ನೂ ಹೋಗದ ನಾಲ್ಕು ಊರಲ್ಲಿ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ನಮ್ಮನ್ನು ದಣಿಸಿದ್ದು ಮಾಡಿದ ಕೆಲಸವಲ್ಲ, ಮಾಡುತ್ತೇನೆ ಅಂತ ಹೇಳಿ ಬಿಟ್ಟುಬಂದ ಕೆಲಸ.

ಶಾಖೆಯಲ್ಲಿ ‘ಬಂದೆ’ ಅನ್ನುವುದರಲ್ಲಿ ಎಲ್ಲರನ್ನೂ ಮೀರಿಸಿದವನು ಹುಲಿಗೇಶ. ನನಗಿಂತ ಬಹಳ ಚಿಕ್ಕವನು, ಮಂಗನ ಹಾಗೆ ಕಂಬ ಏರುತ್ತಿದ್ದ. ಊರವರಿಗೆ ಅವನೆಂದರೆ ಪ್ರಾಣ. ಒಬ್ಬರಿಗೂ ಇಲ್ಲ ಅಂದವನಲ್ಲ. ಹೊಸ ಭತ್ತ ಬಂದಾಗ ಅವನ ಮನೆಗೆ ಅಕ್ಕಿ ಚೀಲ ತಾನಾಗಿ ಬರುತ್ತಿತ್ತು. ಹೆಂಡತಿ ದೇವಮ್ಮ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ನನ್ನನ್ನು ಅಣ್ಣ ಅಂತಲೇ ಕರೆಯುತ್ತಿದ್ದ. ನಾನೂ ಅವನನ್ನು ತಮ್ಮನ ಹಾಗೇ ಬೈಯುತ್ತಿದ್ದೆ.

ಒಮ್ಮೆ ನಮ್ಮನ್ನೆಲ್ಲ ಲಿಂಗಸುಗೂರಿಗೆ ತರಬೇತಿಗೆ ಕರೆಸಿದರು. ಸಮಯವನ್ನು ಹೇಗೆ ನಿಭಾಯಿಸಬೇಕು ಎಂಬುದು ವಿಷಯ. ಬಾಗಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಎಲ್ಲರ ಫೋನನ್ನೂ ಅದರಲ್ಲಿ ಹಾಕಿಸಿಕೊಂಡರು. ಹೊರಗಿನಿಂದ ಬಂದಿದ್ದ ಸಾಹೇಬರು ಹಲಗೆಯ ಮೇಲೆ ನಾಲ್ಕು ಮನೆ ಬರೆದು, ಅವಸರದ್ದು ಯಾವುದು, ಮುಖ್ಯವಾದದ್ದು ಯಾವುದು ಅಂತ ವಿಂಗಡಿಸಲು ಕಲಿಸಿದರು. ಪಾಪ, ಒಳ್ಳೆಯ ಮನುಷ್ಯ, ಮನಸ್ಸಿಟ್ಟು ಹೇಳುತ್ತಿದ್ದರು. ಬಾಗಿಲಲ್ಲಿ ಪೆಟ್ಟಿಗೆ ಮಾತ್ರ ಒಂದೇ ಸಮ ಬಡಿದುಕೊಳ್ಳುತ್ತಿತ್ತು.

“ನಿಮ್ಮಲ್ಲಿ ದಿನಾ ಬೆಳಿಗ್ಗೆ ಎದ್ದು ಪ್ಲಾನ್ ಮಾಡೋರು ಯಾರು?” ಅಂತ ಅವರು ಕೇಳಿದರು.

ಹುಲಿಗೇಶ ಎದ್ದು ನಿಂತ. “ನಾ ಮಾಡ್ತೀನ್ರಿ ಸರ್. ನಾಷ್ಟಾ ಮಾಡೂ ಮುಂದ ಪ್ಲಾನ್ ಮಾಡ್ತೀನಿ. ಕೈ ತೊಳಕೊಳ್ಳಾಕ ಎದ್ದಾಗ ಗಾಳಿ ಬೀಸ್ತೈತ್ರಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ನಂತರ ಅವರು, ಎಲ್ಲಕ್ಕಿಂತ ಮೊದಲು ‘ಆಗುವುದಿಲ್ಲ’ ಅನ್ನಲು ಕಲಿಯಿರಿ ಅಂದರು. ಅದಕ್ಕೆ ಇನ್ನೂ ಜೋರಾಗಿ ನಕ್ಕೆವು. “ಯಾರಿಗ್ರಿ ಸರ್?” ಅಂತ ಹಿಂದಿನಿಂದ ಯಾರೋ ಕೇಳಿದರು. ಮುಂದಿನ ಸಾಲಿನಲ್ಲಿ ನಮ್ಮ ಶಾಖಾಧಿಕಾರಿಗಳೇ ಕೂತಿದ್ದರು. ಅವರು ತಿರುಗಿ ನೋಡಲಿಲ್ಲ. ಅವರಿಗೂ ಮೇಲಿನವರ ಫೋನು, ಲೀಡರುಗಳ ಫೋನು ಇದ್ದೇ ಇತ್ತು. ಆ ದಿನ ನಾವು ನಕ್ಕ ಮಾತೇ ಆ ತರಬೇತಿಯಲ್ಲಿ ಕಲಿಯಬೇಕಾಗಿದ್ದ ಮಾತು.

ಇನ್ನು ಒಂದು ಕೆಟ್ಟ ರೂಢಿಯ ವಿಷಯ ಹೇಳಬೇಕು. ಲೈನ್ ಮೇಲೆ ಕೆಲಸ ಮಾಡುವ ಮೊದಲು ಸಬ್‌ಸ್ಟೇಷನ್ನಿನ ಆಪರೇಟರಿಗೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿ, ‘ಲೈನ್ ಕ್ಲಿಯರ್’ ಪಡೆಯಬೇಕು. ನಾವು ಅದನ್ನು ಎಲ್‌ಸಿ ಅನ್ನುತ್ತೇವೆ. ಯಾರ ಹೆಸರಿಗೆ ಎಲ್‌ಸಿ ಇದೆಯೋ ಅವನೇ ಕೆಲಸ ಮುಗಿಸಿ ಫೋನ್ ಮಾಡಿ ವಾಪಸು ಕೊಟ್ಟ ಮೇಲಷ್ಟೇ ಆಪರೇಟರ್ ಕರೆಂಟ್ ಬಿಡುತ್ತಾನೆ. ನಿಯಮ ಬಂಗಾರದಂಥದ್ದು. ಆದರೆ ಭತ್ತದ ಕಾಲದಲ್ಲಿ ಆಪರೇಟರನ ಫೋನು ಸಿಗುವುದೇ ಇಲ್ಲ, ಊರೆಲ್ಲ ಅವನಿಗೇ ಫೋನ್ ಹಚ್ಚಿರುತ್ತದೆ. ಸಿಕ್ಕರೂ ಈಗಷ್ಟೇ ಬಿಟ್ಟ ಲೈನನ್ನು ಮತ್ತೆ ಬಂದ್ ಮಾಡಿದರೆ ರೈತರು ಹೊಡೆಯಲು ಬರುತ್ತಾರೆ. ಅದಕ್ಕೆ ನಾವು ಕಂಡುಕೊಂಡ ದಾರಿ, ಒಬ್ಬನ ಎಲ್‌ಸಿಯಲ್ಲಿ ಇನ್ನೊಬ್ಬ ಏರುವುದು. ‘ಪಾಲಿಗೆ ಬರ್ತೀನಿ’ ಅನ್ನುತ್ತಿದ್ದೆವು, ಹೊಲ ಪಾಲಿಗೆ ಮಾಡುವ ಹಾಗೆ. ಲೈನ್ ಹೇಗೂ ಬಂದಾಗಿದೆ, ಅಷ್ಟರಲ್ಲಿ ನಮ್ಮದೂ ಆಗಲಿ. ಒಂದೇ ಏಟಿಗೆ ಎರಡು ಹಕ್ಕಿ. ಪಾಲಿಗೆ ಬಂದವನು ಆಪರೇಟರನ ಲೆಕ್ಕದಲ್ಲಿ ಇರುವುದೇ ಇಲ್ಲ. ಸ್ವಿಚ್ಚಿಗೆ ಅವನ ಟವೆಲ್ಲೂ ಇರುವುದಿಲ್ಲ. ನಾವೆಲ್ಲ ಏರಿದವರೇ. ನಮ್ಮಿಂದ ಎಷ್ಟು ಬೇಗ ಕೆಲಸ ಆಗುತ್ತದೆ ನೋಡಿ ಅಂತ ಮೇಲಿನವರು ಹೊಗಳಿದ್ದೂ ಉಂಟು.

ಎರಡನೇ ಬೆಳೆಯ ಕಾಲ ಅದು, ಬೇಸಿಗೆ. ಹಿಂದಿನ ಸಂಜೆ ಗಾಳಿ ಎದ್ದು ಸಾಕಷ್ಟು ಕಡೆ ತಂತಿ ಹರಿದಿದ್ದವು. ಬೆಳಗಿನಿಂದ ನಾವು ಮೂವರು ಮೂರು ಕಡೆ. ಯಂಕಪ್ಪ ಅಂತ ಒಬ್ಬ ಲೈನ್‌ಮನ್, ನನ್ನ ವಯಸ್ಸಿನವನೇ, ಅವನು ಎಲ್‌ಸಿ ತಗೊಂಡು ಲೈನಿನ ಒಂದು ತುದಿಗೆ ಬಿದ್ದ ಟೊಂಗೆ ಕಡಿಸುತ್ತಿದ್ದ. ಅದೇ ಲೈನಿನ ಇನ್ನೊಂದು ಕವಲಿನಲ್ಲಿ, ಕಾಲುವೆಯ ಆಚೆ, ಹುಲಿಗೇಶ ಅವನ ಪಾಲಿಗೆ ಏರಿದ್ದ. ನಾನು ಗೊರೇಬಾಳ ಕಡೆಯ ಒಂದು ಕ್ರಾಸಿನಲ್ಲಿ ಅದೇ ಲೈನಿನ ಟಿ.ಸಿ.ಯ ಫ್ಯೂಸ್ ಕಟ್ಟಿ ಮುಗಿಸಿ, ಲೈನ್ ಬರುವ ತನಕ ಅಂತ ಅಲ್ಲಿನ ಸಣ್ಣ ಹೋಟೆಲಿನಲ್ಲಿ ಕೂತಿದ್ದೆ. ಫ್ಯಾನು ನಿಂತಿತ್ತು. ಹೋಟೆಲ್ ಮಾಲೀಕ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಯಾವಾಗ ಬರುತ್ತದೆ ಅಂತ ನನ್ನನ್ನೇ ಕೇಳುತ್ತಿದ್ದ.

ಹುಲಿಗೇಶನ ಫೋನ್ ಬಂತು. ಎಂದಿನ ಹಾಗೆ ಖುಷಿಯ ದನಿ.

“ಅಣ್ಣಾ, ಯಂಕಣ್ಣಗ ಇಳದೀನಿ ಅಂತ ಹೇಳಿದ್ದೆ. ಆದ್ರ ಬಾಜೂ ಕಂಬದಾಗ ಇನ್ನೊಂದು ತಂತಿ ಸಡ್ಲ ಐತಿ. ಊರಾಗಿನವರು ಇಲ್ಲೇ ನಿಂತಾರ. ಕಟ್ಟಿ ಬಿಡ್ತೀನಿ. ಯಂಕಣ್ಣನ ಫೋನ್ ಹತ್ತವಲ್ದು, ನೀ ಅವಗೊಂದು ಮಾತು ಹೇಳು.”

“ಏರಬ್ಯಾಡಲೇ,” ಅಂದೆ. “ಯಂಕಪ್ಪ ಎಲ್‌ಸಿ ವಾಪಸ್ ಕೊಟ್ಟಿರತಾನ. ನಿನ್ನ ಹೆಸರಿಗೆ ಬ್ಯಾರೆ ತಗೋ.”

“ಆಪರೇಟರ್ ಫೋನ್ ಸಿಕ್ರ ತಗೋತಿದ್ದಿಲ್ಲೇನ ಅಣ್ಣಾ? ಜಲ್ದಿ ಮುಗಸ್ತೀನಿ. ಇನ್ನ ಮೂರು ಊರಿಗೆ ಬಂದೆ ಅಂದೀನಿ.”

ಅಷ್ಟು ಅಂದು ಇಟ್ಟುಬಿಟ್ಟ.

ಯಂಕಪ್ಪನಿಗೆ ಹಚ್ಚಿದೆ, ಬಿಝಿ. ಆಪರೇಟರಿಗೆ ಹಚ್ಚಿದೆ, ಬಿಝಿ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ, ಯಂಕಪ್ಪ ಎಲ್‌ಸಿ ವಾಪಸು ಕೊಡುತ್ತಿದ್ದಾನೆ ಅಂತ ಹೊಳೆಯಿತು. ಹುಲಿಗೇಶನಿಗೇ ಮತ್ತೆ ಹಚ್ಚಿದೆ. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಅಂತ ನನಗೆ ಗೊತ್ತಿತ್ತು. ಕಂಬ ಏರುವಾಗ ಫೋನು ಮೇಲೆ ಒಯ್ಯಬೇಡ, ಗಾಡಿಯ ಚೀಲದಲ್ಲಿ ಇಡು, ಮೇಲೆ ಕೈ ತಪ್ಪುತ್ತದೆ ಅಂತ ನಾನೇ ಅವನಿಗೆ ಬೈದು ಬೈದು ಕಲಿಸಿದ್ದೆ. ನನ್ನ ಮಾತುಗಳಲ್ಲಿ ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದದ್ದು ಅದೊಂದೇ.

ಆ ಕವಲಿನ ಸ್ವಿಚ್ಚು ಕಾಲುವೆಯ ಈಚೆ ದಂಡೆಯಲ್ಲಿತ್ತು. ಅದನ್ನು ಎಳೆದುಬಿಟ್ಟರೆ ಮುಂದೆ ಕರೆಂಟ್ ಹೋಗುವುದಿಲ್ಲ. ಓಡಿ ಹೋಗಿ ಗಾಡಿಗೆ ಕೀ ಹಾಕಿದೆ. ಹಿಂದೆ ಹೋಟೆಲಿನೊಳಗೆ ಕಿರ್ ಅಂತ ಸದ್ದಾಯಿತು. ತಿರುಗಿ ನೋಡಿದೆ. ಫ್ಯಾನು ತಿರುಗತೊಡಗಿತ್ತು.

“ಬಂತು, ಬಂತು,” ಅಂತ ಮಾಲೀಕ ನಗುತ್ತ ರಟ್ಟು ಕೆಳಗಿಟ್ಟ. “ಮರಿಯಣ್ಣ, ನೀವು ಕುಂತಲ್ಲೇ ಕರೆಂಟ್ ತರಸ್ತೀರಿ ಬಿಡ್ರಿ.”

ಗದ್ದೆಗಳಲ್ಲಿ ಒಂದೊಂದೇ ಮೋಟಾರು ಶುರುವಾದ ಸದ್ದು ಕೇಳಿಸಿತು. ನಾನು ಗಾಡಿ ಓಡಿಸಿದ್ದು ನೆನಪಿಲ್ಲ. ತಲುಪಿದಾಗ ಊರಿನವರು ಅವನನ್ನು ಬೇವಿನ ನೆರಳಿಗೆ ತಂದು ಮಲಗಿಸಿದ್ದರು. ಒಬ್ಬ ಎದೆ ಒತ್ತುತ್ತಿದ್ದ, ಒಬ್ಬ ಕಾಲು ತಿಕ್ಕುತ್ತಿದ್ದ. ಅವನ ಉಸಿರು ಕಂಬದ ಮೇಲೇ ನಿಂತು ಹೋಗಿತ್ತು. ಆ ಕಂಬಕ್ಕೆ ಸರಪಳಿ ಹಾಕಿರಲಿಲ್ಲ. ಸರಪಳಿ ಹಾಕಿದ್ದರೆ ಕರೆಂಟ್ ನೆಲಕ್ಕೆ ಹೋಗುತ್ತಿತ್ತು, ಅವನು ಉಳಿಯುತ್ತಿದ್ದ. ಹಾಕಲು ಬೇಕಾಗಿದ್ದದ್ದು ಒಂದು ಚುಟ್ಟಾ ಸೇದುವಷ್ಟು ಹೊತ್ತು. ಗಾಡಿಯ ಚೀಲದಲ್ಲಿ ಅವನ ಫೋನು ಆಗಲೂ ಬಡಿದುಕೊಳ್ಳುತ್ತಿತ್ತು. ಎತ್ತಿದೆ. “ಎಲ್ಲಿದ್ದೀಪ್ಪಾ, ಬಂದೆ ಅಂದಿದ್ದೆಲ್ಲ,” ಅಂತ ಆ ಕಡೆಯವರು ಅಂದರು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇದೆ. ವಿಚಾರಣೆಗೆ ಬಂದವರು ಅದನ್ನೇ ಬೇರೆ ಮಾತಿನಲ್ಲಿ ಬರೆದರು: ಮೃತನ ಸ್ವಂತ ಅಜಾಗರೂಕತೆ. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ತಕರಾರು ಮಾಡುವುದಿಲ್ಲ. ನಾನು ಹೇಳಿದ್ದು ಇಷ್ಟೇ: ಹುಲಿಗೇಶ ದಡ್ಡನಲ್ಲ, ಮೈಗಳ್ಳನಲ್ಲ, ಕುಡುಕನಲ್ಲ. ನಿಯಮ ಗೊತ್ತಿದ್ದವನೇ. ಆದರೆ ಆ ಕಂಬ ಏರುವಾಗ ಅವನ ಮನಸ್ಸು ಮುಂದಿನ ಮೂರು ಊರಲ್ಲಿತ್ತು. ಇದನ್ನು ಬರೆದುಕೊಳ್ಳಿರಿ ಅಂದೆ. ಅದಕ್ಕೆ ಅವರ ಕಾಗದದಲ್ಲಿ ಜಾಗ ಇರಲಿಲ್ಲ.

ಯಂಕಪ್ಪ ಆ ಬಳಿಕ ಕಂಬ ಏರಲಿಲ್ಲ. ಅವನ ತಪ್ಪು ಏನೂ ಇರಲಿಲ್ಲ. ಇಳಿದೆ ಅಂದವನ ಮಾತು ನಂಬಿ ಎಲ್‌ಸಿ ವಾಪಸು ಕೊಟ್ಟ. ಆಪರೇಟರನದೂ ತಪ್ಪಿಲ್ಲ. ಯಾರದೂ ತಪ್ಪಿಲ್ಲದೆ ಒಬ್ಬ ಮನುಷ್ಯ ಸತ್ತ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ಮಣ್ಣು ಮಾಡಿದ ಮರುವಾರ ದೇವಮ್ಮನನ್ನು ನೋಡಲು ಹೋದೆ. ಗಂಡನ ಫೋನು ಅವಳ ಮಡಿಲಲ್ಲಿತ್ತು, ಇಲಾಖೆಯವರು ಸಿಮ್ ಇನ್ನೂ ಇಸಿದುಕೊಂಡಿರಲಿಲ್ಲ. ಚಾರ್ಜಿಗೆ ಹಾಕಿ ಹಾಕಿ ಇಟ್ಟುಕೊಂಡಿದ್ದಳು.

“ಇನ್ನೂ ಬರ್ತಾವ್ರಿ ಮರಿಯಣ್ಣ,” ಅಂದಳು. “ಗೊತ್ತಿದ್ದವರು ಅಳ್ತಾರ. ಗೊತ್ತಿಲ್ಲದವರು ಕರೆಂಟ್ ಇಲ್ಲ ಅಂತಾರ. ಒಬ್ಬ ಮುದುಕಪ್ಪ ದಿನಾ ಹಚ್ಚತಾನ್ರಿ. ಬಂದೆ ಅಂದಿದ್ದ, ಇನ್ನೂ ಬಂದಿಲ್ಲವ್ವ ನಿನ್ನ ಗಂಡ, ಅಂತಾನ. ಅವಗ ಕಿವಿ ಕೇಳಂಗಿಲ್ಲ. ಸತ್ತಾನ ಅಂದ್ರೂ, ಹೌದಾ, ನಾಳಿ ಬರ್ತಾನೇನು, ಅಂತಾನ.”

“ಬಂದ್ ಮಾಡಿ ಇಡವ್ವ ಅದನ್ನ.”

“ಅವತ್ತ ಮಧ್ಯಾಹ್ನ ನಾನೂ ಹಚ್ಚಿದ್ದೆ. ಊಟಕ್ಕ ಎಷ್ಟೊತ್ತಿಗೆ ಅಂತ ಕೇಳಿದೆ. ನನಗೂ ಬಂದೆ ಅಂದಾನ್ರಿ.” ಅವಳು ಫೋನನ್ನು ಸೆರಗಿನಿಂದ ಒರೆಸಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಖಾಜಾಸಾಬ ಮೇಸ್ತ್ರಿಯ ದಾರಿಗೆ ಬಂದೆ. ತಡವಾಗಿ ಬಂದೆ. ನನ್ನ ಕೈಕೆಳಗಿನವರಿಗೆ ಪಾಲು ಬಂದ್ ಮಾಡಿಸಿದೆ. ಪ್ರತಿಯೊಬ್ಬನಿಗೂ ಅವನದೇ ಎಲ್‌ಸಿ, ಅವನದೇ ಟವೆಲ್, ಅವನದೇ ಸರಪಳಿ. ಫೋನ್ ಮಾಡಿದವರಿಗೆ ‘ಬಂದೆ’ ಅನ್ನುವುದನ್ನು ಬಿಟ್ಟೆ. “ಇವತ್ತು ಆಗಂಗಿಲ್ಲ, ನಾಳಿ ಮುಂಜಾನೆ,” ಅನ್ನುತ್ತಿದ್ದೆ. ಬೈಸಿಕೊಂಡೆ. ಊರೊಂದರಲ್ಲಿ ನನ್ನ ಗಾಡಿಯ ಗಾಳಿ ಬಿಟ್ಟರು. ಆದರೆ ನಾಳೆ ಅಂದದ್ದನ್ನು ನಾಳೆ ಮಾಡುತ್ತಿದ್ದೆ. ಅದು ಗೊತ್ತಾದ ಮೇಲೆ ಅವರ ಫೋನು ಕಡಿಮೆಯಾದವು. ತಲೆಯಲ್ಲಿ ಹತ್ತು ಊರು ಒಮ್ಮೆಲೇ ಕೂಗತೊಡಗಿದಾಗ ಕಂಬದ ಬುಡದಲ್ಲಿ ಕೂತು, ನೀರು ಕುಡಿದು, ಈ ಕಂಬದ್ದನ್ನಷ್ಟೇ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಹಿಂದೆ ನಿಂತು ನಗುವವರು ನನಗೂ ಇದ್ದರು.

ಶಾಖೆಯ ಸಾಹೇಬರು ಒಮ್ಮೆ ಕರೆಸಿ, “ಮರಿಯಪ್ಪ, ಒಂದು ಕಂಬಕ್ಕ ಇಷ್ಟೊತ್ತು ಮಾಡಿದ್ರ ನಾ ಮ್ಯಾಲಿನವರಿಗೆ ಏನ್ ಹೇಳ್ಲಿ?” ಅಂದರು.

“ಮರಿಯಪ್ಪಗ ವಯಸ್ಸಾಗೈತಿ ಅಂತ ಹೇಳ್ರಿ ಸರ್,” ಅಂದೆ.

ಅವರು ಹೋಗು ಅಂದರು. ಹುಲಿಗೇಶನ ಹೆಣ ಎತ್ತುವಾಗ ಒಂದು ಕಡೆ ಹೆಗಲು ಕೊಟ್ಟವರು ಅವರು. ಮತ್ತೆ ಕೇಳಲಿಲ್ಲ.

ದೇವಮ್ಮನಿಗೆ ಗಂಡನ ಬದಲಿಗೆ ಕೆಲಸ ಸಿಕ್ಕಿತು. ನಮ್ಮ ಶಾಖೆಯಲ್ಲೇ ದೂರಿನ ಫೋನ್ ಎತ್ತಲು ಕೂರಿಸಿದರು. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ, ಅನ್ನಲಿಲ್ಲ. ಎಷ್ಟು ಫೋನ್ ಬಂದರೂ ಅವಳ ದನಿ ಏರುತ್ತಿರಲಿಲ್ಲ, ಸುಳ್ಳೂ ಹೇಳುತ್ತಿರಲಿಲ್ಲ. ಬಂದರು, ಹೊರಟರು, ದಾರಿಯಲ್ಲಿದ್ದಾರೆ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಲಿಲ್ಲ. ನಾನು ಪ್ರತಿ ಸಲ ಎಲ್‌ಸಿ ವಾಪಸು ಕೊಡುವ ಮೊದಲು ಅವಳಿಗೆ ಒಂದು ಫೋನ್ ಮಾಡಿ, “ಎಲ್ಲಾರೂ ಇಳದಾರೇನವ್ವ?” ಅಂತ ಕೇಳುತ್ತಿದ್ದೆ. ಇಳಿದವರೆಲ್ಲ ಅವಳಿಗೆ ಫೋನ್ ಮಾಡಿ ತಿಳಿಸುತ್ತಿದ್ದರು. ಅವಳು ಒಬ್ಬೊಬ್ಬರ ಹೆಸರು ಹೇಳಿ, ಇಳದಾರ ಅನ್ನುತ್ತಿದ್ದಳು. ನಿಯಮದಲ್ಲಿ ಅದು ಇಲ್ಲ, ನಮ್ಮಿಬ್ಬರ ಸಮಾಧಾನಕ್ಕೆ ಅಷ್ಟೇ. ನಿವೃತ್ತಿಯಾಗುವ ತನಕ ಅದು ನಡೆಯಿತು.

ಮೊನ್ನೆ ಮಧ್ಯಾಹ್ನ ನಮ್ಮ ಓಣಿಯಲ್ಲಿ ಕರೆಂಟ್ ಹೋಯಿತು. ಸಿಂಧನೂರಿನ ಬಿಸಿಲು ಹೇಳುವುದೇ ಬೇಡ. ಪಕ್ಕದ ಮನೆಯವರು ಬಂದು, “ನಿಮಗ ಎಲ್ಲಾರೂ ಗೊತ್ತದಾರಲ್ರಿ, ಒಂದು ಫೋನ್ ಹಚ್ರಿ,” ಅಂದರು. ಬೇಡ ಅಂದೆ. ಕೇಳಲಿಲ್ಲ, ಅವರ ಮನೆಯಲ್ಲಿ ಬಾಣಂತಿ ಇದ್ದಳು. ನಮ್ಮ ಓಣಿ ಈಗ ಅದೇ ಶಾಖೆಗೆ ಸೇರಿದೆ. ಅವರ ಫೋನಿನಿಂದಲೇ ಹಚ್ಚಿದೆ. ದೇವಮ್ಮನೇ ಎತ್ತಿದಳು. ನಂಬರ್ ಬೇರೆ, ನನ್ನ ದನಿ ಗುರುತು ಹತ್ತಲಿಲ್ಲ.

“ಕಂಬದ ಮ್ಯಾಲ ಮನುಷ್ಯ ಅದಾನ್ರಿ,” ಅಂದಳು.

“ಯಾವಾಗ ಬರ್ತೈತಿ?” ಅಂತ ನನ್ನ ಬಾಯಿಂದಲೂ ಬಂದುಬಿಟ್ಟಿತು.

“ಅವ ಇಳಿದ ಮ್ಯಾಲ,” ಅಂದು ಇಟ್ಟಳು.

ಪಕ್ಕದ ಮನೆಯವರಿಗೆ ಸಿಟ್ಟು ಬಂತು. ಎಂಥ ಹೆಂಗಸನ್ನ ಕೂಡಿಸ್ಯಾರ, ಅಂತ ಬೈದರು. ನಾನು ಕಟ್ಟೆಯ ಮೇಲೆ ಕೂತೆ. ಬೆವರು ಹರಿಯುತ್ತಿತ್ತು. ಆಮೇಲೆ ಒಳಗೆ ಕಿರ್ ಅಂತ ಸದ್ದಾಯಿತು, ಫ್ಯಾನು ತಿರುಗಿತು, ಓಣಿಯ ಹುಡುಗರು ಬಂತು ಬಂತು ಅಂತ ಕೂಗಿದರು. ನಾನು ಅವರ ಫೋನು ಮತ್ತೆ ಇಸಿದುಕೊಂಡು ಅದೇ ನಂಬರಿಗೆ ಹಚ್ಚಿದೆ.

“ಬಂತಲ್ರಿ ಕರೆಂಟ್, ಮತ್ತ್ಯಾಕ ಹಚ್ಚೀರಿ?” ಅಂದಳು.

“ಇಳದಾನೇನವ್ವ?” ಅಂತ ಕೇಳಿದೆ.

ಆ ಮಾತಿಗೆ ಅವಳಿಗೆ ನನ್ನ ಗುರುತು ಹತ್ತಿತು.

“ಇಳದಾನ್ರಿ ಮರಿಯಣ್ಣ,” ಅಂದಳು ದೇವಮ್ಮ. “ಈಗಷ್ಟೇ ತಾನೇ ಫೋನ್ ಮಾಡಿದ್ದ. ನೀರು ಕುಡಿಯಾಕತ್ತಾನ.”

ಫೋನನ್ನು ಅವರಿಗೆ ವಾಪಸು ಕೊಟ್ಟು ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತೆ.